ವಿದೇಶ ಸವಾರಿಗೆ ಮುನ್ನ ಕಲಿಯಬೇಕಾದ ಪಾಠ

ಹೋಟೆಲಿನಲ್ಲಿಯೂ ಕಚೇರಿಯಲ್ಲಿಯೂ ದುಡಿದು ಹಣ ಕೂಡಿಸಿ, ಮೋಟಾರ್ ಸೈಕಲ್ಲಿನ ಮೇಲೆ ಪರದೇಶಗಳನ್ನು ನೋಡಿಬರಬೇಕೆಂಬ ಹಂಬಲ ನಮ್ಮ ತರುಣರಲ್ಲಿ ಮೂಡಿರುವುದು ಸಂತೋಷದ ವಿಷಯವೇ ಸರಿ. ಆದರೆ ಪಾಸ್‌ಪೋರ್ಟಿಗೂ ಅಂತರರಾಷ್ಟ್ರೀಯ ಪರವಾನಗಿಗೂ ಅಲೆಯುವವರು ಸವಾರಿಯ ಶಿಕ್ಷಣವೆಂದರೆ ನಗುತ್ತಾರೆ. "ಹತ್ತು ವರ್ಷ ಮುಂಬಯಿಯಲ್ಲಿ ಓಡಿಸಿದವನಿಗೆ ಪಾಠವೇಕೆ?"

ಈ ವಾದ ನಿಲ್ಲದು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಸಂಶೋಧಕ ಹ್ಯಾರಿ ಹರ್ಟ್ ಅವರು 900 ಅಪಘಾತಗಳನ್ನು ಸ್ಥಳದಲ್ಲಿಯೇ ಪರೀಕ್ಷಿಸಿದರು. 1981ರ ಅವರ ವರದಿಯಂತೆ, ಅಪಘಾತಕ್ಕೀಡಾದ ಸವಾರರಲ್ಲಿ ಶೇಕಡಾ 92 ಮಂದಿ ತಾವಾಗಿಯೋ ಬಂಧುಮಿತ್ರರಿಂದಲೋ ಕಲಿತವರು. ಸಾಮಾನ್ಯವಾಗಿ ಅವರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಚಕ್ರವನ್ನು ಜಾರಿಸಿದ್ದರು. ಮುಂದಿನದನ್ನು ಸಾಕಷ್ಟು ಹಿಡಿದಿರಲಿಲ್ಲ. ನಮ್ಮವರಿಗೂ ಮುಂದಿನ ಬ್ರೇಕೆಂದರೆ ಭಯವೇ. ನಿಲ್ಲಿಸುವ ಬಲ ಹೆಚ್ಚಾಗಿರುವುದೋ ಅದರಲ್ಲಿಯೇ. ಇದನ್ನು ಬಯಲಿನಲ್ಲಿ, ಬಲ್ಲವರ ಕಣ್ಣೆದುರಿನಲ್ಲಿ, ಕೈಗೆ ರೂಢಿಯಾಗುವವರೆಗೆ ಕಲಿಯಬೇಕು.

ಮೇಲಾಗಿ ಬದಿಯ ತೊಡಕು. ಮ್ಯಾನ್ಮಾರಿನಲ್ಲಿ 1970ರಿಂದ ಬಲಬದಿಯ ಸಂಚಾರ. ದಾಟಿ ಥೈಲೆಂಡಿಗೆ ಬಂದರೆ ಮತ್ತೆ ಎಡ. ಜನಸಂದಣಿಯಲ್ಲಿ ಮುಂದಿನ ವಾಹನವೇ ದಾರಿ ತೋರಿಸೀತು. ಬೆಳಗಿನ ಬರಿದಾದ ರಸ್ತೆಯಲ್ಲಿ ಹಳೆಯ ಅಭ್ಯಾಸ ಸವಾರನನ್ನು ತಪ್ಪು ಬದಿಗೆ ಒಯ್ಯುತ್ತದೆ. ಅವನ ದುಡಿಮೆಯನ್ನು ನಂಬಿ ಊರಿನಲ್ಲಿ ಒಂದು ಸಂಸಾರವಿರುತ್ತದೆ.

ಶುಲ್ಕ ಹೆಚ್ಚೆಂಬುದನ್ನು ಒಪ್ಪೋಣ. ನಾಟಕಕ್ಕೂ ಸನ್ಮಾನಕ್ಕೂ ಚಂದಾ ಎತ್ತುವ ನಮ್ಮ ಸಂಘಗಳು ಅದರಲ್ಲಿ ಒಂದು ಪಾಲನ್ನು ತೆಗೆದಿಟ್ಟು, ರಜೆಯ ದಿನ ನುರಿತ ಶಿಕ್ಷಕರೊಬ್ಬರನ್ನು ಕರೆಸಬಾರದೇಕೆ?