ಮುದಿ ಬೆಕ್ಕು ತಟ್ಟೆಯ ಹೊರಗೆ ಒದ್ದೆ ಮಾಡಿದರೆ



ಈ ಅಂಕಣಕ್ಕೆ ಬರುವ ಪತ್ರಗಳು ಹೆಚ್ಚಾಗಿ ಮಕ್ಕಳ ಓದು, ಅತ್ತೆ-ಸೊಸೆಯರ ಮುನಿಸು, ಸಕ್ಕರೆ ಕಾಯಿಲೆ, ಇವುಗಳ ಬಗ್ಗೆಯೇ ಇರುತ್ತವೆ. ಈ ಸಲ ಬಂದ ಒಂದು ಪತ್ರ ಬೆಕ್ಕಿನ ಬಗ್ಗೆ. ದಯವಿಟ್ಟು ನಗಬೇಡಿ. ಬರೆದ ತಾಯಿಗೆ 70 ದಾಟಿದೆ, ಬೆಕ್ಕಿಗೆ 14. ಮಗ ಕೊಲ್ಲಿಗೆ ಹೋಗುವಾಗ ಅಂಗೈಯಷ್ಟಿದ್ದ ಮರಿಯನ್ನು ಅಮ್ಮನ ಮಡಿಲಲ್ಲಿ ಬಿಟ್ಟು ಹೋದದ್ದಂತೆ. ಇಷ್ಟು ವರ್ಷ ಬಚ್ಚಲಿನ ಪಕ್ಕದಲ್ಲಿ ಹೊಯ್ಗೆ ತುಂಬಿಸಿಟ್ಟ ಟ್ರೇಯಲ್ಲೇ ತನ್ನ ಕೆಲಸ ಮುಗಿಸುತ್ತಿದ್ದ ಬೆಕ್ಕು ಈಗ ಎರಡು ತಿಂಗಳಿಂದ ಟ್ರೇಯ ಹೊರಗೆ, ಕಾಲೊರಸಿನ ಮೇಲೆ, ಒಮ್ಮೆ ಮಡಚಿಟ್ಟ ಬಟ್ಟೆಯ ಮೇಲೂ ಮೂತ್ರ ಮಾಡಿದೆ. ಮುಂದಿನ ತಿಂಗಳು ಮೊಮ್ಮಗುವಿನ ಜ್ಞಾನಸ್ನಾನಕ್ಕೆ ಎಲ್ಲರೂ ಊರಿಗೆ ಬರುವವರು. "ಮನೆಯವರು ಗೋಣಿಯಲ್ಲಿ ಹಾಕಿ ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬನ್ನಿ ಎನ್ನುತ್ತಾರೆ. ಬಿಡಲೇ?" ಎಂದು ಕೇಳಿದ್ದಾರೆ.

ಬಿಡಬೇಡಿ, ಅಮ್ಮ. ಯಾಕೆಂದು ಹೇಳುತ್ತೇನೆ.

ನಮ್ಮ ಹಿರಿಯರ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ. ಬೆಕ್ಕು ಅಡಿಕೆ ತೋಟಕ್ಕೋ ಗೊಬ್ಬರದ ಗುಂಡಿಯ ಬದಿಗೋ ಹೋಗಿ, ಮಣ್ಣು ಕೆದಕಿ, ಮುಚ್ಚಿ ಬರುತ್ತಿತ್ತು. ಹೆಚ್ಚಿನ ಬೆಕ್ಕುಗಳು ಮುದಿಯಾಗುವವರೆಗೆ ಬದುಕುತ್ತಲೂ ಇರಲಿಲ್ಲ. ಈಗ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದೇವೆ, ಗೇಟಿನ ಹೊರಗೆ ವಾಹನ, ಬೀದಿ ನಾಯಿ. ಬೆಕ್ಕು ಮನೆಯೊಳಗೇ ಉಳಿಯಿತು, ಹೊಟ್ಟೆ ತುಂಬ ಊಟ ಸಿಕ್ಕಿತು, ಆಯುಷ್ಯವೂ ಬೆಳೆಯಿತು. ಮನೆಯೊಳಗೆ ಸಾಕಿದ ಬೆಕ್ಕು 15 ವರ್ಷ ಬದುಕುವುದು ಈಗ ಅಪರೂಪವಲ್ಲ. ಬೆಕ್ಕಿನ 14 ವರ್ಷವೆಂದರೆ ಮನುಷ್ಯರ ಲೆಕ್ಕದಲ್ಲಿ ಸುಮಾರು 72. ಅಂದರೆ ಪತ್ರ ಬರೆದ ತಾಯಿಯೂ ಅವರ ಬೆಕ್ಕೂ ಸರಿಸುಮಾರು ಒಂದೇ ಪ್ರಾಯದವರು!

ಮನೆಮಂದಿ ಸಾಮಾನ್ಯವಾಗಿ ಹೇಳುವ ಮಾತು, "ಅದಕ್ಕೆ ಸೊಕ್ಕು, ಬೇಕೆಂದೇ ಮಾಡುತ್ತದೆ" ಎಂದು. ಇದು ಸುಳ್ಳು. ಹಗೆ ತೀರಿಸಲು ಮೂತ್ರ ಮಾಡುವ ಯೋಚನೆ ಬೆಕ್ಕಿಗೆ ಇಲ್ಲ. ಅದು ಹುಟ್ಟಾ ಶುಚಿಯ ಪ್ರಾಣಿ; 14 ವರ್ಷ ಒಂದೇ ಕಡೆ ಹೋಗಿ ಮುಚ್ಚಿ ಬಂದದ್ದು ಈಗ ಬಿಟ್ಟಿದೆ ಎಂದರೆ ಅದರ ದೇಹದಲ್ಲಿ ಏನೋ ಕೆಟ್ಟಿದೆ, ಇಲ್ಲವೇ ಟ್ರೇಯವರೆಗೆ ಹೋಗಲು ಅದಕ್ಕೆ ಆಗುತ್ತಿಲ್ಲ. ಆದ್ದರಿಂದ ಮೂಗನ್ನು ಒದ್ದೆಗೆ ಉಜ್ಜುವುದು, ಹಿಡಿಸೂಡಿಯಲ್ಲಿ ಹೊಡೆಯುವುದು, ನೀರೆರಚುವುದು, ಇವೆಲ್ಲ ಬೇಡ. ಹೆದರಿದ ಬೆಕ್ಕು ಮೂತ್ರ ಮಾಡುವುದನ್ನು ನಿಲ್ಲಿಸುವುದಿಲ್ಲ, ನಿಮಗೆ ಕಾಣದ ಜಾಗ ಹುಡುಕುತ್ತದೆ, ಅಷ್ಟೇ.

ಮೊದಲು ಮೃಗಾಸ್ಪತ್ರೆಗೆ ಹೋಗಬೇಕು. ನಮ್ಮ ಕಡೆ ಅಲ್ಲಿಗೆ ಹಸು, ಆಡು, ಕೋಳಿ ಹಿಡಿದುಕೊಂಡು ಹೋಗುವವರೇ ಹೆಚ್ಚು. ಬೆಕ್ಕನ್ನು ತೆಗೆದುಕೊಂಡು ಹೋದರೆ ನಾಲ್ಕು ಮಂದಿ ನೋಡಿ ನಕ್ಕಾರು, ನಗಲಿ. ಹೋಗುವ ಮೊದಲು ನಾಲ್ಕು ದಿನ ಕಣ್ಣಿಟ್ಟು ನೋಡಿ ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ಸಲ ಹೋಗುತ್ತದೆ, ಎಲ್ಲಿ, ಎಷ್ಟು ಒದ್ದೆ, ನೀರು ಎಷ್ಟು ಕುಡಿಯುತ್ತದೆ, ತೂಕ ಇಳಿದಿದೆಯೇ. ಡಾಕ್ಟರರಿಗೆ ಕನ್ನಡ ಬಾರದಿರಬಹುದು, ನಮ್ಮ ಮಲಯಾಳ ಅರೆಬರೆ, ಬೆಕ್ಕಂತೂ ಯಾವ ಭಾಷೆಯಲ್ಲೂ ಬಾಯಿ ಬಿಡದು. ಚೀಟಿ ಇದ್ದರೆ ಅರ್ಧ ಕೆಲಸ ಮುಗಿಯಿತು.

ಆ ಚೀಟಿಯಲ್ಲೇ ಕಾಯಿಲೆಯ ಸುಳಿವು ಇರುತ್ತದೆ. ದೊಡ್ಡ ದೊಡ್ಡ ಹೊಂಡದಂತೆ ಮೂತ್ರ, ನೀರಿನ ಪಾತ್ರೆ ಪದೇ ಪದೇ ಖಾಲಿ, ಮೈ ಸಣಕಲು ಎಂದಾದರೆ ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ಹೆಚ್ಚಾಗಿರುವುದು, ಈ ಮೂರರಲ್ಲಿ ಒಂದಿರಬಹುದು. ಮುದಿ ಬೆಕ್ಕುಗಳಲ್ಲಿ ಮೂತ್ರಪಿಂಡದ ಕಾಯಿಲೆ ತುಂಬ ಸಾಮಾನ್ಯ. ಮೂತ್ರಪಿಂಡಗಳ ಶಕ್ತಿ ಮೂರರಲ್ಲಿ ಎರಡು ಪಾಲು ಹೋದ ಮೇಲೆಯೇ ಮೂತ್ರ ನೀರಿನಂತೆ ತೆಳ್ಳಗಾಗುವುದು. ಅಂದರೆ ನಮಗೆ ಕಾಣುವ ಹೊತ್ತಿಗೆ ಕಾಯಿಲೆ ಹಳತಾಗಿರುತ್ತದೆ. 4 ಕಿಲೋ ತೂಗುವ ಬೆಕ್ಕು ದಿನಕ್ಕೆ 200 ಮಿಲಿಲೀಟರಿಗಿಂತ ಹೆಚ್ಚು ನೀರು ಕುಡಿಯತೊಡಗಿದರೆ ಗಮನಿಸಬೇಕು, 400ರ ಹತ್ತಿರ ಹೋದರೆ ತಡಮಾಡಬಾರದು. ಬೆಳಿಗ್ಗೆ ಅಳತೆ ಮಾಡಿ ನೀರಿಟ್ಟು ಮರುದಿನ ಉಳಿದದ್ದನ್ನು ಅಳೆದರೆ ಸಾಕು.

ಇಲ್ಲೊಂದು ಮಾತು ಖಂಡಿತ ನೆನಪಿಡಿ. ಮೂತ್ರ ಹೆಚ್ಚಾಯಿತೆಂದು ನೀರಿನ ಪಾತ್ರೆ ತೆಗೆದಿಡುವವರಿದ್ದಾರೆ. ಮೂತ್ರಪಿಂಡ ಕೆಟ್ಟ ಬೆಕ್ಕಿಗೆ ಇದು ಕೊಲ್ಲುವುದಕ್ಕೆ ಸಮ. ಅದು ಹೆಚ್ಚು ಕುಡಿಯುವುದರಿಂದ ಹೆಚ್ಚು ಹೊಯ್ಯುವುದಲ್ಲ, ಮೈಯ ನೀರು ಹೊರಗೆ ಹರಿದು ಹೋಗುತ್ತಿರುವುದರಿಂದ ಕುಡಿಯುತ್ತಿದೆ. ನೀರು ಎರಡು ಕಡೆ ಹೆಚ್ಚೇ ಇಡಿ.

ಸ್ವಲ್ಪ ಸ್ವಲ್ಪ, ಹನಿ ಹನಿ, ಪದೇ ಪದೇ ಹೋಗುತ್ತಿದ್ದರೆ, ಕೂಗಿದರೆ, ರಕ್ತ ಕಂಡರೆ ಮೂತ್ರಕೋಶದ ಉರಿ, ಸೋಂಕು ಅಥವಾ ಕಲ್ಲು ಇರಬಹುದು. ಟ್ರೇಯಲ್ಲಿ ಉರಿಯಾದದ್ದನ್ನು ಬೆಕ್ಕು ಟ್ರೇಯದ್ದೇ ತಪ್ಪು ಎಂದು ತಿಳಿಯುತ್ತದೆ, ಮೆತ್ತಗಿನ ಬಟ್ಟೆ ಹುಡುಕುತ್ತದೆ. ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ಮುಕ್ಕರಿದರೂ ಒಂದು ಹನಿ ಬಾರದಿದ್ದರೆ ಮಾತ್ರ ನಾಳೆ ನೋಡೋಣ ಎನ್ನಬೇಡಿ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ಜೀವ ಹೋಗುತ್ತದೆ. ಆದಿತ್ಯವಾರವಾದರೂ ಡಾಕ್ಟರರ ಮನೆ ಬಾಗಿಲು ತಟ್ಟಬೇಕಾದ ಕಾಯಿಲೆ ಅದು.

ಇನ್ನು ಪತ್ರದಲ್ಲಿ ನನ್ನ ಗಮನ ಸೆಳೆದದ್ದು "ಟ್ರೇಯ ಹೊರಗೆ" ಎಂಬ ಮಾತು. ಟ್ರೇಯ ಹತ್ತಿರದವರೆಗೆ ಹೋಗಿ, ಪಕ್ಕದಲ್ಲೇ ಮಾಡುವ ಮುದಿ ಬೆಕ್ಕಿಗೆ ಹೆಚ್ಚಾಗಿ ಗಂಟುನೋವು ಇರುತ್ತದೆ. ಬೆಕ್ಕಿಗೂ ಗಂಟುನೋವೇ ಎಂದು ಕೇಳಬೇಡಿ. ಅಮೆರಿಕದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 90 ಬೆಕ್ಕುಗಳ ಕೀಲುಗಳು ಸವೆದದ್ದು ಕಂಡಿತ್ತು. ನಾವು ಮೊಣಕಾಲು ಹಿಡಿದುಕೊಂಡು "ಅಯ್ಯೋ" ಎನ್ನುತ್ತೇವೆ. ಬೆಕ್ಕು ಕುಂಟುವುದೂ ಕಡಿಮೆ, ಕೂಗುವುದೂ ಕಡಿಮೆ. ಮೊದಲು ಹಾರುತ್ತಿದ್ದ ಕಿಟಕಿಗೆ ಹಾರದೆ ಕೆಳಗೇ ಮಲಗುತ್ತದೆ, ಬೆನ್ನಿನ ರೋಮ ನೆಕ್ಕಲಾಗದೆ ಗಂಟು ಗಂಟಾಗುತ್ತದೆ, ಮೆಟ್ಟಿಲಿನ ಮುಂದೆ ನಿಂತು ಯೋಚಿಸುತ್ತದೆ. ಅದಕ್ಕೆ ಒಂದು ಗೇಣು ಎತ್ತರದ ಟ್ರೇಯ ಅಂಚನ್ನು ದಾಟುವುದೆಂದರೆ ನಮಗೆ ಇಗರ್ಜಿಯ ಗಂಟೆಗೋಪುರ ಹತ್ತಿದಂತೆ.

ನೋವಿಗೆಂದು ಮನೆಯಲ್ಲಿರುವ ಗುಳಿಗೆ ಮಾತ್ರ ಕೊಡಬೇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗಿಲ್ಲ. ಒಂದೇ ಗುಳಿಗೆ ಸಾಕು ಸಾಯಲು. ಬೆಕ್ಕಿಗೆ ಹೊಂದುವ ನೋವಿನ ಔಷಧಿ ಇದೆ, ಅಳತೆಯನ್ನು ಡಾಕ್ಟರರೇ ಹೇಳಬೇಕು.

ಟ್ರೇಯ ವಿಷಯದಲ್ಲಿ ಮಾತ್ರ ಮನೆಯಲ್ಲೇ ಮಾಡಬಹುದಾದದ್ದು ತುಂಬ ಇದೆ, ಖರ್ಚೂ ಇಲ್ಲ. ಬಟ್ಟೆ ನೆನೆಸುವ ಅಗಲದ ಪ್ಲಾಸ್ಟಿಕ್ ಟಬ್ ತೆಗೆದುಕೊಳ್ಳಿ. ಬೆಕ್ಕಿನ ಉದ್ದದ ಒಂದೂವರೆ ಪಾಲಾದರೂ ಉದ್ದವಿರಲಿ. ಒಂದು ಬದಿಯನ್ನು ಬಿಸಿ ಮಾಡಿದ ಕತ್ತಿಯಿಂದ ಕತ್ತರಿಸಿ, ಎರಡು ಮೂರು ಬೆರಳು ಎತ್ತರ ಮಾತ್ರ ಉಳಿಸಿ, ಅಂಚು ಚುಚ್ಚದಂತೆ ಟೇಪು ಸುತ್ತಿ. ಬೆಕ್ಕು ಕಾಲೆತ್ತದೆ ನಡೆದೇ ಒಳಗೆ ಹೋಗಬೇಕು. ಉಳಿದ ಮೂರು ಬದಿ ಎತ್ತರವೇ ಇರಲಿ, ಚೆಲ್ಲುವುದಿಲ್ಲ. ಮುದಿ ಬೆಕ್ಕು ಕುಕ್ಕರಿಸಿ ಕೂರಲಾಗದೆ ಅರ್ಧ ನಿಂತೇ ಮೂತ್ರ ಮಾಡುತ್ತದೆ, ಅದು ಅಂಚಿನ ಹೊರಗೆ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ "ಹೊರಗೆ ಮಾಡಿತು" ಎಂದು ಪೆಟ್ಟು ತಿನ್ನುವ ಬೆಕ್ಕು ನಿಜವಾಗಿ ಟ್ರೇಯೊಳಗೇ ನಿಂತಿರುತ್ತದೆ.

ಒಳಗೆ ಏನು ಹಾಕಬೇಕೆಂದರೆ, ಅದಕ್ಕೆ ಅಭ್ಯಾಸವಿದ್ದದ್ದನ್ನೇ. ಅಂಗಡಿಯಲ್ಲಿ ಈಗ ಚೀಲದಲ್ಲಿ ಸಿಗುವ ಬೆಕ್ಕಿನ ಮಣ್ಣು 1947ರಲ್ಲಿ ಅಮೆರಿಕದ ಎಡ್ ಲೋವ್ ಎಂಬವರು ಒಣ ಜೇಡಿಯನ್ನು ಮಾರತೊಡಗಿದ್ದರಿಂದ ಬಂದದ್ದು. ಅದಕ್ಕಿಂತ ಮುಂಚೆ ಅಲ್ಲಿಯವರೂ ನಮ್ಮಂತೆ ಬೂದಿ, ಹೊಯ್ಗೆ ಹಾಕುತ್ತಿದ್ದರು. ಆದ್ದರಿಂದ ದುಬಾರಿಯದ್ದು ಬೇಕೆಂದಿಲ್ಲ. ಸಣ್ಣ ಹೊಯ್ಗೆ ನಡೆಯುತ್ತದೆ, ಕೆಲವು ಬೆಕ್ಕುಗಳು ಮರದ ಹುಡಿಯನ್ನೂ ಒಪ್ಪುತ್ತವೆ. ದಪ್ಪ ಕಲ್ಲು, ಪರಿಮಳ ಬೆರೆಸಿದ್ದು ಬೇಡ. ಕಾಲು ಹೂತುಹೋಗುವಷ್ಟು ತುಂಬಿಸಬೇಡಿ. ಒಂದೇ ಬೆಕ್ಕಿದ್ದರೂ ಎರಡು ಟ್ರೇ ಇಡಿ, ಒಂದನ್ನು ಅದು ಮಲಗುವ ಕೋಣೆಯ ಹತ್ತಿರ. ಊಟದ ತಟ್ಟೆಯ ಪಕ್ಕದಲ್ಲಿ ಬೇಡ, ವಾಷಿಂಗ್ ಮೆಷಿನ್ ಗುಡುಗುವಲ್ಲಿಯೂ ಬೇಡ. ರಾತ್ರಿ ಒಂದು ಸಣ್ಣ ಬಲ್ಬು ಉರಿಯಲಿ. ಮುದಿ ಬೆಕ್ಕಿನ ಕಣ್ಣೂ ಮಂಜಾಗಿರುತ್ತದೆ, ಮರೆವೂ ಬರುತ್ತದೆ. ನಡುರಾತ್ರಿ ಚಾವಡಿಯಲ್ಲಿ ನಿಂತು ಸುಮ್ಮನೆ ಕೂಗುವ ಮುದಿ ಬೆಕ್ಕನ್ನು ನೋಡಿದವರಿಗೆ ಇದು ಗೊತ್ತು. ಆಟಿ ತಿಂಗಳ ಮಳೆಯಲ್ಲಿ, ಹೊರಗೆ ಹೋಗುವ ಅಭ್ಯಾಸದ ಬೆಕ್ಕಿಗೂ ಒಳಗೊಂದು ಟ್ರೇ ಬೇಕು. ದಿನಕ್ಕೆ ಎರಡು ಸಲ ಗಟ್ಟಿಯನ್ನು ತೆಗೆಯಿರಿ. ಮೂತ್ರ ಟ್ರೇಯೊಳಗೆ, ಮಲ ಮಾತ್ರ ಹೊರಗೆ ಎಂದಾದರೆ ಮಲಬದ್ಧತೆ ಇರಬಹುದು, ಅದನ್ನೂ ಡಾಕ್ಟರರಿಗೆ ಹೇಳಿ.

ನೆಲ ಒರಸುವಾಗ ಫಿನಾಯಿಲ್ ಸುರಿಯುವುದು ನಮ್ಮೆಲ್ಲರ ಅಭ್ಯಾಸ. ಬೆಕ್ಕಿರುವ ಮನೆಯಲ್ಲಿ ಇದು ಅಪಾಯ. ಫಿನಾಲ್ ಜಾತಿಯ ದ್ರವಗಳು ಬೆಕ್ಕಿಗೆ ವಿಷ. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಅಮೋನಿಯಾ ಇರುವ ದ್ರವವೂ ಬೇಡ, ಅದರ ವಾಸನೆ ಬೆಕ್ಕಿಗೆ ಮೂತ್ರದಂತೆಯೇ ತೋರಿ ಅಲ್ಲಿಗೇ ಮತ್ತೆ ಬರುತ್ತದೆ. ಎಂಜೈಮ್ ಇರುವ ಬಟ್ಟೆ ಸೋಪಿನ ಹುಡಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಕರಗಿಸಿ ತೊಳೆದು, ಬರಿ ನೀರಿನಲ್ಲಿ ಒರಸಿ ಒಣಗಲು ಬಿಡಿ. ಮನೆಯಲ್ಲಿ ಬಸುರಿ ಇದ್ದರೆ ಟ್ರೇ ತೆಗೆಯುವ ಕೆಲಸ ಬೇರೆಯವರು ಮಾಡಲಿ. ಬೆಕ್ಕಿನ ಮಲದಲ್ಲಿ ಹೊಟ್ಟೆಯ ಮಗುವಿಗೆ ತೊಂದರೆ ಕೊಡುವ ಟೊಕ್ಸೊಪ್ಲಾಸ್ಮಾ ಎಂಬ ರೋಗಾಣು ಇರಬಹುದು. ಅದು ಹರಡುವಂತಾಗಲು ಒಂದು ದಿನವಾದರೂ ಬೇಕು, ಆದ್ದರಿಂದ ದಿನಾ ತೆಗೆದು ಕೈ ಸೋಪಿನಲ್ಲಿ ತೊಳೆದರೆ ಉಳಿದವರು ಹೆದರಬೇಕಾದ್ದಿಲ್ಲ. ಮೊಮ್ಮಗು ಬರುವ ಮೊದಲು ಬೆಕ್ಕಿನ ಟ್ರೇ ಮಗು ಅಂಬೆಗಾಲಿಡದ ಕಡೆಗೆ ಹೋಗಲಿ; ಒಂದೇ ದಿನ ಎತ್ತಿಡದೆ ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋಗಿ.

ಇನ್ನು ಮೀನು ಮಾರ್ಕೆಟಿನ ಮಾತು. "ಅಲ್ಲಿ ಹೊಟ್ಟೆ ತುಂಬ ಮೀನು ಸಿಗುತ್ತದೆ" ಎಂದು ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನ ಅದು. ಅಲ್ಲಿರುವ ಬೆಕ್ಕುಗಳು ಅಲ್ಲೇ ಹುಟ್ಟಿ ಕಾದಾಡಿ ಜಾಗ ಹಿಡಿದವುಗಳು. ಹಲ್ಲು ಸವೆದ, ಓಡಲಾಗದ, ಬಾಯಾರಿಕೆಯ ಕಾಯಿಲೆಯ 14 ವರ್ಷದ ಬೆಕ್ಕು ಅಲ್ಲಿ ನಾಯಿಗಳ ನಡುವೆ ಎಷ್ಟು ದಿನ ಉಳಿದೀತು? ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಸಿಕ್ಕುವಂತೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಇಟ್ಟ ದಂಡ 50 ರೂಪಾಯಿ ಮೀರದು; ಕಾನೂನಿಗೆ ಹೆದರಿ ಯಾರೂ ನಿಲ್ಲುವುದಿಲ್ಲವೆಂದು ನನಗೂ ಗೊತ್ತು. ಆದರೆ ಮಗ ಊರಿಗೆ ಬಂದು "ನನ್ನ ಬೆಕ್ಕೆಲ್ಲಿ?" ಎಂದು ಕೇಳಿದಾಗ ಏನು ಹೇಳುತ್ತೀರಿ ಎಂದು ಮನೆಯವರನ್ನೇ ಕೇಳಿ ನೋಡಿ.

ಎಲ್ಲ ಕಾಯಿಲೆಯೂ ಗುಣವಾಗುತ್ತದೆಂದು ನಾನು ಹೇಳುವುದಿಲ್ಲ. ಮೂತ್ರಪಿಂಡದ ಕಾಯಿಲೆ ವಾಸಿಯಾಗದು. ಆದರೆ ಸರಿಯಾದ ಆಹಾರ, ಬೇಕಾದಷ್ಟು ನೀರು, ಔಷಧಿ ಸಿಕ್ಕಿದರೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಬದುಕುತ್ತದೆ. ಮೀನು ನಿಲ್ಲಿಸಬೇಕೇ, ಏನು ಕೊಡಬೇಕು ಎಂಬುದನ್ನು ರಕ್ತ ಪರೀಕ್ಷೆಯ ನಂತರ ಡಾಕ್ಟರರೇ ಹೇಳಲಿ. ನೀವಾಗಿ ಊಟ ಕಡಿಮೆ ಮಾಡಿದರೆ ಮೊದಲೇ ಸೊರಗಿದ ಬೆಕ್ಕು ಇನ್ನೂ ಸೊರಗುತ್ತದೆ. ಅಷ್ಟರವರೆಗೆ ಅದಕ್ಕೆ ತೊಳೆಯಲಾಗುವ ನೆಲದ ಒಂದು ಕೋಣೆ ಕೊಡಿ, ಮಲಗುವಲ್ಲಿ ಹಳೆ ಬೆಡ್‌ಶೀಟಿನ ಅಡಿಗೆ ಪ್ಲಾಸ್ಟಿಕ್ ಹಾಸಿ, ಬಟ್ಟೆಗಳನ್ನು ಕಪಾಟಿನೊಳಗಿಡಿ. ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಮತ್ತೆ ಒಂದು ದಿನ ಅದು ತಿನ್ನುವುದನ್ನು ಬಿಟ್ಟು, ತನ್ನ ಮೂತ್ರದಲ್ಲೇ ಮಲಗಿ ಏಳಲಾಗದೆ ಹೋದರೆ, ನೋವಿಲ್ಲದ ಸಾವಿನ ಚುಚ್ಚುಮದ್ದಿನ ಬಗ್ಗೆ ಡಾಕ್ಟರರಲ್ಲಿ ನಾಚಿಕೆಯಿಲ್ಲದೆ ಕೇಳಬಹುದು. ಅದು ಮಾರ್ಕೆಟಿನಲ್ಲಿ ಬಿಟ್ಟು ಬಂದಂತಲ್ಲ. ಆಗ ಬೆಕ್ಕನ್ನು ಗೋಣಿಯಲ್ಲಿ ಕಟ್ಟದೆ, ಅದು ಮಲಗುವ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಒಯ್ಯಿರಿ, ಅದಕ್ಕೆ ಪರಿಚಯವಿರುವ ಒಬ್ಬರು ಕೊನೆಯವರೆಗೆ ಹತ್ತಿರವೇ ಇರಿ.