ಮಕ್ಕಳ ಕೈಯಲ್ಲಿ ಮಿಂಚು

ಸಕಲೇಶಪುರದ ಮಗ್ಗುಲಲ್ಲಿ ಹರಿಯುವ ಹೇಮಾವತಿಯು ಮುಂದೆ ಕಾವೇರಿಯನ್ನು ಕೂಡಿಕೊಳ್ಳುವಳು. ಆ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕುವ ಬಲದಿಂದ ಪಡೆದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಅಂದು ನಗರದ ವಿಸ್ಮಯವಾಗಿದ್ದುದು ಇಂದು ನಮ್ಮ ಹಾನುಬಾಳಿನ ಹುಡುಗರ ಆಟದ ಮೇಜಿಗೂ ಬಂದಿರುವುದು.

ರೇಡಿಯೋ, ದೀಪಮಾಲೆ ಮೊದಲಾದುವನ್ನು ತಾವೇ ಜೋಡಿಸುವ ಮಕ್ಕಳಿಗೆ ಬೇಕಾದುದು 12 ವೋಲ್ಟು, ಗೋಡೆಯಲ್ಲಿರುವುದು 230. ಇವೆರಡರ ನಡುವಣ ಪೆಟ್ಟಿಗೆಯನ್ನು ಮನೆಯಲ್ಲಿಯೇ ಕಟ್ಟಲು ಅವರು ಹೊರಟರೆ ಹಿರಿಯರು ಗದರಿಸಿ ಬಿಡಿಸುವುದು ತರವಲ್ಲ. ಕಂಡೂ ಕಾಣದಂತಿರುವುದು ಅದಕ್ಕಿಂತಲೂ ತರವಲ್ಲ. ಬೈಗುಳಿಗೆ ಅಂಜಿದ ಹುಡುಗನು ಕದ್ದು ಮಾಡುವನು; ಕದ್ದು ಮಾಡುವ ಕೆಲಸದಲ್ಲಿ ಎಚ್ಚರವೆಲ್ಲಿಯದು? ಆದುದರಿಂದ ಗೃಹಸ್ಥರು ಈ ಕೆಲವು ವಿಷಯಗಳನ್ನು ತಿಳಿದಿರತಕ್ಕದ್ದು.

ಮೊದಲನೆಯದು ಟ್ರಾನ್ಸ್‌ಫಾರ್ಮರು. ಇದರೊಳಗಿನ ಎರಡು ಸುರುಳಿಗಳು ಒಂದನ್ನೊಂದು ಮುಟ್ಟವು. ಕಾಂತಶಕ್ತಿಯೊಂದೇ ಅವುಗಳ ನಡುವಣ ಸೇತುವೆ. ಈ ಅಗಲಿಕೆಯೇ ಪ್ರಾಣರಕ್ಷಕವು. ಹಣವುಳಿಸಲೆಂದು ಟ್ರಾನ್ಸ್‌ಫಾರ್ಮರಿಲ್ಲದೆ ಕೆಪಾಸಿಟರಿನಿಂದಲೇ ವೋಲ್ಟನ್ನು ಇಳಿಸುವ ಕ್ರಮವೊಂದುಂಟು. ಅದರಲ್ಲಿ 12 ವೋಲ್ಟಿನದೆಂದು ನಂಬಿ ಮುಟ್ಟಿದ ತಂತಿಯೂ ಗೋಡೆಯ ತಂತಿಗೆ ನೇರವಾಗಿ ಸೇರಿರುವುದರಿಂದ ಮಕ್ಕಳಿಗೆ ಅದು ಸರ್ವಥಾ ವರ್ಜ್ಯ.

ಎರಡನೆಯದು ಫ್ಯೂಸು. ಕೆಂಪು ಅಥವಾ ಕಂದು ಬಣ್ಣದ ಫೇಸ್ ತಂತಿಯಲ್ಲಿ, ಸ್ವಿಚ್ಚಿಗಿಂತಲೂ ಮೊದಲು ಇದನ್ನು ಇಡಬೇಕು. 12 ವೋಲ್ಟು, 1 ಆಂಪಿಯರಿನ ಟ್ರಾನ್ಸ್‌ಫಾರ್ಮರು ಗೋಡೆಯಿಂದ ಸೆಳೆಯುವುದು ಆಂಪಿಯರಿನ ಇಪ್ಪತ್ತರಲ್ಲೊಂದು ಪಾಲಿನಷ್ಟೇ. ಆದುದರಿಂದ ನಿಧಾನವಾಗಿ ಕರಗುವ ಜಾತಿಯ ಕಾಲು ಆಂಪಿಯರಿನ ಫ್ಯೂಸು ಸಾಕು. ಸುಟ್ಟುಹೋದಾಗ ಅದರ ಜಾಗದಲ್ಲಿ ತಾಮ್ರದ ಎಳೆಯನ್ನು ಸುತ್ತುವುದು ಮನೆಗೆ ಕಿಚ್ಚಿಡುವ ಕೆಲಸ.

ಮೂರನೆಯದು ಅರ್ಥಿಂಗ್ ಎಂಬ ಹಸಿರು ತಂತಿ. ಪೆಟ್ಟಿಗೆಯು ಲೋಹದ್ದಾದರೆ ಇದನ್ನು ಅದರ ಮೈಗೆ ತಿರುಪಿನಿಂದ ಬಿಗಿಯತಕ್ಕದ್ದು. ಇದು ಉಳಿದೆರಡು ತಂತಿಗಳಿಗಿಂತ ತುಸು ಉದ್ದವಾಗಿರಲಿ. ಯಾರಾದರೂ ಎಳೆದರೆ ಇದು ಕಟ್ಟಕಡೆಗೆ ಕೀಳುವುದು.

ಇನ್ನೊಂದು ಲೆಕ್ಕ: 12 ವೋಲ್ಟೆಂದು ಬರೆದಿದ್ದರೂ ಅಲೆಯ ಶಿಖರವು ಸುಮಾರು 17 ವೋಲ್ಟು. ಆದುದರಿಂದ 16 ವೋಲ್ಟಿನ ಕೆಪಾಸಿಟರು ಸಾಲದು, 25ರದನ್ನು ಹಾಕಬೇಕು. ಹಳೆಯ ವಾಲ್ವು ರೇಡಿಯೋವನ್ನಾಗಲಿ ಕಂಪ್ಯೂಟರಿನ ಪವರ್ ಸಪ್ಲೈಯನ್ನಾಗಲಿ ಮಕ್ಕಳು ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೆಯೂ ಅವುಗಳ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟು ಉಳಿದಿರಬಹುದು.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ನೆಲವೂ ಒದ್ದೆ, ಕೈಯೂ ಒದ್ದೆ. ಒದ್ದೆಯಾದ ಮೈ ವಿದ್ಯುತ್ತಿಗೆ ಸುಲಭವಾಗಿ ದಾರಿಗೊಡುವುದು. ಫ್ಯೂಸು ಕಾಯುವುದು ಮನೆಯನ್ನು, ಮನುಷ್ಯನನ್ನಲ್ಲ. ಅದು ಕರಗುವ ಮೊದಲೇ ಪ್ರಾಣ ಹೋಗಬಹುದು. ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಬಲ್ಲ ಕೆಲಸಗಾರನಿಂದ ಹಾಕಿಸಿರಿ. ಮನೆಯ ಅರ್ಥಿಂಗನ್ನೂ ಪರೀಕ್ಷಿಸಿಸಿರಿ.

ಪೆಟ್ಟಿಗೆಯ ಮುಚ್ಚಳ ಹಾಕಿದ ಮೇಲೆಯೇ ಪ್ಲಗ್ಗು ಗೋಡೆಗೆ ಹೋಗಲಿ. ಮೊದಲ ಸಲ ಹಿರಿಯರೊಬ್ಬರು ಮೈನ್ ಸ್ವಿಚ್ಚಿನ ಬಳಿ ನಿಂತಿರಲಿ. ಆಘಾತವಾದರೆ ಮಗುವನ್ನು ಮುಟ್ಟಲು ಧಾವಿಸದೆ ಮೊದಲು ಆ ಸ್ವಿಚ್ಚನ್ನು ಆರಿಸಬೇಕೆಂಬುದನ್ನು ಮನೆಯವರೆಲ್ಲರೂ, ಅಡಿಗೆಮನೆಯಲ್ಲಿರುವವರೂ ಸಹ, ಇಂದೇ ಕಲಿತಿರಲಿ.