ಕರ್ಣನ ಮದುವೆ ಎಲ್ಲರ ಚಿಂತೆ, ತಾಲ್ಲೂಕು ಆಸ್ಪತ್ರೆ ಯಾರ ಚಿಂತೆ?

ಡಾಕ್ಟರ್ ಕರ್ಣ ತಾಳಿ ಕಟ್ಟೋದು ಯಾರಿಗೆ? ನಿಧಿಗೋ, ಅವಳಕ್ಕ ನಿತ್ಯಾಗೋ? 2025ರಲ್ಲಿ ಹಾಸನ ಜಿಲ್ಲೆಯ ಮನೆಗಳಲ್ಲಿ, ಬಸ್ಸುಗಳಲ್ಲಿ, ಟೀ ಅಂಗಡಿಗಳಲ್ಲಿ ತಿಂಗಳುಗಟ್ಟಲೆ ನಡೆದ ವ್ಯಾಜ್ಯ ಇದು. ಸಿವಿಲ್ ಕೋರ್ಟಿನ ದಾವೆಗಾದರೂ ತಿಂಗಳಿಗೊಂದು ವಾಯಿದೆ. ಇದಕ್ಕೆ ರಾತ್ರಿಗೊಂದು ವಾಯಿದೆ, ರಾತ್ರಿಗೊಂದು ಮುಂದೂಡಿಕೆ!

ಜೀ ಕನ್ನಡದ ‘ಕರ್ಣ’ ಶುರುವಾದದ್ದು 2025ರ ಜುಲೈ 3ರಂದು. ಜೂನ್‌ನಲ್ಲೇ ಬರಬೇಕಿತ್ತು, ಕಾನೂನು ತಕರಾರು ಎದ್ದು ಮುಂದಕ್ಕೆ ಹೋಯಿತು. ಹಾಗಾಗಿ ಕಥೆ ಹುಟ್ಟುವ ಮೊದಲೇ ಊಹೆ ಹುಟ್ಟಿತ್ತು. ಕರ್ಣನಾಗಿ ಕಿರಣ್ ರಾಜ್, ನಿಧಿಯಾಗಿ ಭವ್ಯಾ ಗೌಡ, ನಿತ್ಯಾಳಾಗಿ ನಮ್ರತಾ ಗೌಡ. ಕುತ್ತಿಗೆಗೆ ಸ್ಟೆತಾಸ್ಕೋಪು, ಮನೆ ತುಂಬ ಗುಟ್ಟು. ಜನಕ್ಕೆ ಇನ್ನೇನು ಬೇಕು?

“ನೋಡ್ತಾ ಇರಿ, ತಾಳಿ ಕಟ್ಟೋ ಹೊತ್ಗೆ ಯಾರಾದ್ರೂ ಎದೆ ಹಿಡ್ಕೊಂಡು ಬೀಳ್ತಾರೆ” ಅಂತ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಸ್ಥರ ಭವಿಷ್ಯ. “ಹೆಸರೇ ಕರ್ಣ ಕಣವ್ವ, ಹೆತ್ತೋರ ಗುಟ್ಟು ಇಲ್ದೇ ಇರ್ತದಾ?” ಅನ್ನುವುದು ಹೊಳೆನರಸೀಪುರದ ಅಜ್ಜಿಯ ತೀರ್ಪು. ಅರಕಲಗೂಡು ಬಸ್ಸಿನ ಕಾಲೇಜು ಹುಡುಗಿಯರಲ್ಲಂತೂ ಎರಡು ಪಕ್ಷ. ನಿಧಿ ಪಕ್ಷದವರಿಗೂ ನಿತ್ಯಾ ಪಕ್ಷದವರಿಗೂ ಒಂದೇ ಸೀಟಿನಲ್ಲಿ ಕೂರಲು ಮನಸ್ಸಿಲ್ಲ.

ಇದನ್ನು ಹಗುರವಾಗಿ ನಗಬೇಕಾಗಿಲ್ಲ. ಊಹೆ ಮಾಡುವುದಕ್ಕೂ ಬುದ್ಧಿ ಬೇಕು. ಹಿಂದಿನ ವಾರ ಯಾರು ಬಾಗಿಲ ಮರೆಯಲ್ಲಿ ನಿಂತಿದ್ದರು, ಯಾರ ಕೈಗೆ ಯಾವ ಕಾಗದ ಸಿಕ್ಕಿತು ಎಂದು ನೆನಪಿಟ್ಟು ಲೆಕ್ಕ ಹಾಕುವವರು ದಡ್ಡರಲ್ಲ. ಪ್ರತಿ ಗುರುವಾರ ಬಾರ್ಕ್ ಸಂಸ್ಥೆಯ ಟಿ.ಆರ್.ಪಿ. ಅಂಕಿ ಬರುತ್ತೆ. ಅಂಕಿ ಏರಿದರೆ ಗಂಟು ಉಳಿಯುತ್ತೆ, ಇಳಿದರೆ ಹೊಸ ಗಂಟು ಬೀಳುತ್ತೆ. ಈ ವ್ಯಾಪಾರವೂ ಹೆಂಗಸರಿಗೆ ಗೊತ್ತು. ಗೊತ್ತಿದ್ದೂ ನೋಡ್ತಾರೆ. ದಿನವಿಡೀ ದುಡಿದವರಿಗೆ ಅರ್ಧ ಗಂಟೆಯ ಕುತೂಹಲ ದೊಡ್ಡ ಅಪರಾಧವೇನಲ್ಲ.

ಆದರೆ ‘ಕರ್ಣ’ ಆರಂಭವಾದ ಅದೇ ದಿನಗಳಲ್ಲಿ ಈ ಜಿಲ್ಲೆಯಲ್ಲಿ ಇನ್ನೊಂದು ಕಥೆ ನಡೆದಿತ್ತು. ಅದರಲ್ಲಿ ಸತ್ತವರು ಮಾರನೇ ದಿನ ಎದ್ದು ಬರಲಿಲ್ಲ.

2025ರ ಮೇ ಕೊನೆಯಿಂದ ಜುಲೈವರೆಗೆ ಹಾಸನದಲ್ಲಿ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ. ಗಟ್ಟಿಮುಟ್ಟಾದ ಹುಡುಗರು ಹೋದರು. ಆಗಲೂ ಜನ ಊಹೆಗಿಳಿದರು. ಲಸಿಕೆಯಿಂದ ಅಂದರು, ಕೋಳಿ ಮಾಂಸದಿಂದ ಅಂದರು, ಊರಿಗೇ ಏನೋ ತಗುಲಿದೆ ಅಂದರು. ಲಸಿಕೆಯ ಅನುಮಾನವನ್ನು ಮುಖ್ಯಮಂತ್ರಿಗಳೇ ಬಹಿರಂಗವಾಗಿ ಆಡಿದ ಮೇಲೆ ಕೇಳಬೇಕೇ? ನೂರು ಕಿಲೋಮೀಟರಿಗೂ ಆಚೆ ಇರುವ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತಿತು. ನೋವಿದ್ದವರೂ ನಿಂತರು, ಬರೀ ಹೆದರಿದವರೂ ನಿಂತರು.

ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ವರದಿ ಜುಲೈನಲ್ಲೇ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಹಿಂದಿನ ಅವಧಿಗೆ ಹೋಲಿಸಿದರೆ ಅಸಾಮಾನ್ಯ ಏರಿಕೆಯೂ ಇಲ್ಲ. ಲಸಿಕೆಗೂ ಸಾವಿಗೂ ನಂಟು ಕಾಣಲಿಲ್ಲ. ಕಂಡದ್ದು ಬಿ.ಪಿ., ಸಕ್ಕರೆ ಕಾಯಿಲೆ, ಸಿಗರೇಟು, ಕುಡಿತ, ಬೊಜ್ಜು. ಗುಟ್ಟೂ ಇಲ್ಲ, ತಿರುವೂ ಇಲ್ಲ. ಇಷ್ಟು ಸಪ್ಪೆ ಕಥೆ ಯಾರಿಗೆ ಬೇಕು? ಚರ್ಚೆ ಅಲ್ಲಿಗೇ ತಣ್ಣಗಾಯಿತು.

ತಣ್ಣಗಾಗಬಾರದಿತ್ತು. ಧಾರಾವಾಹಿಯಲ್ಲಿ ಹೃದಯಾಘಾತ ಅಂದರೆ ಯಜಮಾನರು ಎಡಗೈಯಲ್ಲಿ ಎದೆ ಹಿಡಿಯುತ್ತಾರೆ, ಸಂಗೀತ ಜೋರಾಗುತ್ತೆ, ಡಾಕ್ಟರು ಮನೆಯವರೇ ಆಗಿರುತ್ತಾರೆ. ನಿಜದಲ್ಲಿ ಹಾಗಿಲ್ಲ. ದವಡೆ ನೋವು, ಬೆನ್ನು ನೋವು, ತಣ್ಣನೆ ಬೆವರು, ಉಬ್ಬಸ, ಇಷ್ಟೇ ಇರಬಹುದು. ಸಕ್ಕರೆ ಕಾಯಿಲೆಯವರಿಗೂ ಹೆಂಗಸರಿಗೂ ಎದೆನೋವು ಗೊತ್ತೇ ಆಗದಿರಬಹುದು. “ಗ್ಯಾಸ್ ಇರ್ಬೇಕು ಬಿಡಿ” ಅಂತ ಸೋಡ ಕುಡಿಸಿ ಮಲಗಿಸುತ್ತಾರೆ. ಅಷ್ಟರಲ್ಲಿ ಬೆಲೆಬಾಳುವ ಮೊದಲ ಗಂಟೆ ಕಳೆದಿರುತ್ತೆ.

ಆ ಗಂಟೆಗಾಗಿಯೇ ಒಂದು ಯೋಜನೆ ಇದೆ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೋದ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ದೂರದ ತಜ್ಞರು ಅದನ್ನು ನೋಡಿ ಹೇಳಿದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಪುಕ್ಕಟೆ ಕೊಡುವುದು. ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುತ್ತೇವೆ ಎಂದು 2025ರ ಜುಲೈನಲ್ಲಿ ಸರ್ಕಾರ ಹೇಳಿತು.

ಈಗ ಊಹೆ ಮಾಡುವವರು ಇದನ್ನೂ ಸ್ವಲ್ಪ ಊಹಿಸಲಿ. ರಾತ್ರಿ ಎಂಟೂವರೆಗೆ ಅರಕಲಗೂಡಿನ ಹಳ್ಳಿಯೊಂದರಲ್ಲಿ ರೈತನೊಬ್ಬ ಬೆವರುತ್ತಾ ಕುಸಿದ. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ಯಂತ್ರ ನಡೆಯುತ್ತಿದೆಯೋ? ಅದನ್ನು ಹಿಡಿಯುವ ಕೈ ಆ ಹೊತ್ತಿಗೆ ಇದೆಯೋ? ಚುಚ್ಚುಮದ್ದು ಬೀರುವಿನಲ್ಲಿದೆಯೋ? ಅಥವಾ “ಹಾಸನಕ್ಕೆ ಕರ್ಕೊಂಡು ಹೋಗಿ” ಎಂಬ ಚೀಟಿಯೋ? ಹಾಸನ ಅಲ್ಲಿಂದ ಸುಮಾರು 30 ಕಿಲೋಮೀಟರ್. ಹಳ್ಳಿಯಿಂದ ಬಂದ ದಾರಿ ಬೇರೆ.

ಇದು ಊಹೆಗೆ ಬಿಡುವ ಸಂಗತಿಯೇ ಅಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಆಸ್ಪತ್ರೆಗಳ ಬಾಗಿಲಲ್ಲಿ ಒಂದು ಬೋರ್ಡು ಹಾಕಲಿ. ರಾತ್ರಿ ಪಾಳಿಗೆ ಯಾರಿದ್ದಾರೆ, ಯಂತ್ರ ಇದೆಯೋ ಇಲ್ಲವೋ, ಚುಚ್ಚುಮದ್ದು ಎಷ್ಟಿದೆ ಎಂದು ದಿನಾ ಬರೆಯಲಿ. ಸೀಮೆಸುಣ್ಣದ ಖರ್ಚಷ್ಟೇ. ಜಯದೇವವನ್ನು ವರ್ಷಗಟ್ಟಲೆ ನಡೆಸಿ ಹೆಸರು ಮಾಡಿದ ಡಾ. ಸಿ.ಎನ್. ಮಂಜುನಾಥ್ ಚನ್ನರಾಯಪಟ್ಟಣ ತಾಲ್ಲೂಕಿನ ಚೋಳೇನಹಳ್ಳಿಯವರು. ದೇಶಕ್ಕೇ ಹೃದಯ ವೈದ್ಯರನ್ನು ಕೊಟ್ಟ ಜಿಲ್ಲೆ ಇಷ್ಟನ್ನು ಕೇಳಿದರೆ ಅತಿಯಾಸೆಯೇ?

ಕೇಳಬೇಕಾದವರು ಜನ. ನಿತ್ಯಾಳ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ನಿದ್ದೆಗಣ್ಣಲ್ಲೂ ಹೇಳುವವರು ತಮ್ಮ ಮನೆ ಯಜಮಾನರ ಬಿ.ಪಿ. ಎಷ್ಟೆಂದು ಹೇಳಬಲ್ಲರೇ? ಕಡೆಯ ಸಲ ನೋಡಿಸಿದ್ದು ಯಾವಾಗ?

ಧಾರಾವಾಹಿ ಧಾರಾಳವಾಗಿ ನೋಡಲಿ, ಪಂಥವನ್ನೂ ಕಟ್ಟಲಿ. ಕರ್ಣನ ಕಥೆ ಬರೆಯುವವರು ಕೆಟ್ಟದ್ದಾದರೆ ನಾಳೆ ತಿದ್ದುತ್ತಾರೆ. ಅರಕಲಗೂಡಿನ ಆ ರೈತನಿಗೆ ನಾಳೆಯ ಕಂತು ಇಲ್ಲ.